1 ಮೀಟರ್ ಆಳ ದಾಟಿದರೆ ಸಬ್‌ಮರೀನ್ ಮಾತು ಕೇಳಲ್ಲ: 27 ಮೆಗಾಹರ್ಟ್ಸ್ ಸೆಟ್, ತೋಟದ ಹೊಂಡ

ತುಂಗೆದಡ (ತೀರ್ಥಹಳ್ಳಿ ಕಡೆ)

ನಮಸ್ಕಾರ. ರೇಡಿಯೋ ಕಂಟ್ರೋಲ್ ಮಾಡೆಲ್ ಸಬ್‌ಮರೀನ್‌ನಲ್ಲಿ ಮೂರು ಥರದ ತೊಂದರೆ ಒಟ್ಟೊಟ್ಟಿಗೆ ಕಾಣಿಸ್ತಿವೆ. ಎಲ್ಲದಕ್ಕೂ ಒಂದೇ ಕಾರಣವೋ ಬೇರೆ ಬೇರೆಯೋ ಗೊತ್ತಾಗ್ತಿಲ್ಲ. ಇರೋ ಸಾಮಾನು ಹೀಗಿದೆ.

ಉದ್ದ 95 ಸೆಂ.ಮೀ., ಫೈಬರ್‌ಗ್ಲಾಸ್ ಮೈ. ಒಳಗೆ 90 ಎಂಎಂ ವ್ಯಾಸದ ಅಕ್ರಿಲಿಕ್ ಸಿಲಿಂಡರ್, ಎರಡೂ ತುದಿಗೆ ಓ-ರಿಂಗ್ ಹಾಕಿದ ಮುಚ್ಚಳ. ರೇಡಿಯೋ ಹಳೇ 4 ಚಾನೆಲ್ ಎಫ್‌ಎಂ ಸೆಟ್, ಪಿಪಿಎಂ ರಿಸೀವರ್ (ಪಲ್ಸ್‌ಗಳ ಸಮಯದಿಂದ ಆಜ್ಞೆ ಓದೋದು), ಫ್ರೀಕ್ವೆನ್ಸಿ ಗೊತ್ತುಮಾಡೋ ಹಳದಿ ಕ್ರಿಸ್ಟಲ್ ಜೋಡಿ (27.145 ಮೆಗಾಹರ್ಟ್ಸ್). ಮೋಟರ್ 540 ಸೈಜಿನ ಬ್ರಷ್ ಮೋಟರ್, 30 ಆಂಪಿಯರ್ ಸ್ಪೀಡ್ ಕಂಟ್ರೋಲರ್, 3 ಸೆಲ್ ಲೈಪೋ ಬ್ಯಾಟರಿ. ರಿಸೀವರ್‌ಗೆ ಕರೆಂಟು ಸ್ಪೀಡ್ ಕಂಟ್ರೋಲರ್‌ನ ಒಳಗಿನ ಬಿಇಸಿಯಿಂದಲೇ (ಬ್ಯಾಟರಿ ವೋಲ್ಟೇಜ್ ಇಳಿಸಿ ಕೊಡೋ ಭಾಗ). ರಡ್ಡರ್‌ಗೆ (ಎಡ-ಬಲ ತಿರುಗಿಸೋ ಚುಕ್ಕಾಣಿ) ಒಂದು ಸರ್ವೋ (ಅದನ್ನ ತಿರುಗಿಸೋ ಸಣ್ಣ ಮೋಟರ್), ಹಿಂದಿನ ಪ್ಲೇನ್‌ಗೆ (ಮೂತಿ ಮೇಲೆ ಕೆಳಗೆ ಮಾಡೋ ರೆಕ್ಕೆ) ಒಂದು. ಪ್ಲೇನ್ ಸರ್ವೋಗೂ ರಿಸೀವರ್‌ಗೂ ಮಧ್ಯೆ ಬೋಟನ್ನ ಮಟ್ಟವಾಗಿ ಇಡೋ ಆಟೋ ಲೆವೆಲರ್. ನಾಲ್ಕನೇ ಚಾನೆಲ್ ಬ್ಯಾಲಸ್ಟ್ ಪಂಪಿನ (ಮುಳುಗೋಕೆ, ಏಳೋಕೆ ಟ್ಯಾಂಕಿಗೆ ನೀರು ತುಂಬಿ ತೆಗೆಯೋದು) ಸ್ವಿಚ್‌ಗೆ. ಆಂಟೆನಾ ಮುಂದಿನ ಮುಚ್ಚಳದಲ್ಲಿರೋ ಹಿತ್ತಾಳೆ ಬೋಲ್ಟ್ ಮೂಲಕ ಹೊರಗೆ ಬಂದು, ಡೆಕ್ ಅಡಿಯಲ್ಲಿ ಹಿಂದಕ್ಕೆ ಹೋಗತ್ತೆ.

ಓಡಿಸೋದು ಅಡಿಕೆ ತೋಟದ ಕೃಷಿ ಹೊಂಡದಲ್ಲಿ. ಪ್ಲಾಸ್ಟಿಕ್ ಹಾಳೆ ಹಾಸಿದ್ದು, ಆಳ ಸುಮಾರು 3 ಮೀಟರ್.

ತೊಂದರೆ ಒಂದು: ಮೋಟರ್ ಅರ್ಧಕ್ಕಿಂತ ಮೇಲೆ ಕೊಟ್ಟರೆ ಹಿಂದಿನ ಪ್ಲೇನ್ ಗಡಗಡ ನಡುಗತ್ತೆ. ರಡ್ಡರ್ ಮಾತ್ರ ಅಲ್ಲಾಡಲ್ಲ. ಟೇಬಲ್ ಮೇಲೂ ಹೀಗೇ.

ಎರಡು: ದಡದಿಂದ 12 ಮೀಟರ್ ದೂರ, 1 ಮೀಟರ್ ಆಳ ಆಗ್ತಿದ್ದ ಹಾಗೆ ರಡ್ಡರ್ ಎಳೆದಾಡತ್ತೆ, ಬ್ಯಾಲಸ್ಟ್ ಪಂಪ್ ತಾನಾಗೇ ಶುರುವಾಗತ್ತೆ. ಡಿಸೆಂಬರ್‌ನಲ್ಲಿ ಇದೇ ಹೊಂಡದಲ್ಲಿ, ಇದೇ ಸೆಟ್ಟಿನಲ್ಲಿ, 2 ಮೀಟರ್ ಆಳದಲ್ಲೂ ಮಾತು ಕೇಳ್ತಿತ್ತು. ಈಗ ಮಾರ್ಚ್.

ಮೂರು: ಪಶ್ಚಿಮದ ಏರಿ ಹತ್ತಿರ ಹೋದರೆ ಎರಡೂ ಸರ್ವೋ ಸೆಕೆಂಡಿಗೊಮ್ಮೆ ಟಕ್, ಟಕ್ ಅಂತ ಜಿಗೀತವೆ. ಮೋಟರ್ ನಿಲ್ಲಿಸಿದರೂ, ನೀರಿನ ಮೇಲೇ ಇದ್ದರೂ.

ಬ್ಯಾಟರಿ ಎರಡೂ ಕಡೆ ಪೂರ್ತಿ ಚಾರ್ಜ್ ಇದೆ. ಈ ಸೆಟ್ ಬಿಟ್ಟು 2.4 ಗಿಗಾಹರ್ಟ್ಸ್‌ಗೆ ಹೋಗೋದು ಒಳ್ಳೇದಾ?


ಹಿನ್ನೀರು (ಸಾಗರ)

2.4ಕ್ಕಂತೂ ಹೋಗಬೇಡಿ, ಈಗಲೇ ಏನನ್ನೂ ಕೊಳ್ಳಲೂಬೇಡಿ. ನೀವು ಬರೆದಿರೋದನ್ನ ಸರಿಯಾಗಿ ಓದಿದರೆ ಮೂರೂ ಬೇರೆ ಬೇರೆ ಕಾಯಿಲೆ. ಒಂದರ ಔಷಧ ಇನ್ನೊಂದಕ್ಕೆ ಹತ್ತಲ್ಲ.

ಮೊದಲನೇದು ರೇಡಿಯೋ ತೊಂದರೆಯೇ ಅಲ್ಲ. ಮೋಟರ್‌ನ ಕಿಡಿ ರಿಸೀವರ್‌ಗೆ ಹೋಗ್ತಿದ್ದರೆ ಅದು ಒಂದು ಸರ್ವೋವನ್ನ ಆರಿಸಿಕೊಂಡು ಕಾಡಲ್ಲ, ರಡ್ಡರ್ ಕೂಡ ಕುಣೀಬೇಕಿತ್ತು. ನಿಮ್ಮಲ್ಲಿ ಪ್ಲೇನ್ ಮಾತ್ರ ನಡುಗ್ತಿದೆ. ಅದರ ದಾರಿಯಲ್ಲಿ ಇರೋ ಹೆಚ್ಚಿನ ವಸ್ತು ಒಂದೇ, ಲೆವೆಲರ್. ಅದರೊಳಗಿನ ಸೆನ್ಸರ್‌ಗೆ ಓರೆಯೂ ಒಂದೇ, ಅದುರೋದೂ ಒಂದೇ. ಮೋಟರ್ ಜೋರಾದಾಗ ಸಿಲಿಂಡರ್‌ನ ಟ್ರೇ ಅದುರತ್ತೆ, ಮೂತಿ ಮೇಲೆ ಕೆಳಗೆ ಆಗ್ತಿದೆ ಅಂತ ಲೆವೆಲರ್ ತಿಳ್ಕೊಂಡು ಪ್ಲೇನ್ ತಿರುಗಿಸತ್ತೆ. ಪರೀಕ್ಷೆ ಸುಲಭ: ಲೆವೆಲರ್ ತೆಗೆದು ಪ್ಲೇನ್ ಸರ್ವೋವನ್ನ ನೇರ ರಿಸೀವರ್‌ಗೆ ಚುಚ್ಚಿ, ಮೋಟರ್ ಪೂರ್ತಿ ಕೊಡಿ. ಶಾಫ್ಟ್ ಸೀಲ್ ಒಣಗಿದ್ದಾಗ ಓಡಿಸಿದರೆ ಬಿಸಿಯಾಗಿ ಹಾಳಾಗತ್ತೆ, ಹಾಗಾಗಿ ಹಿಂಭಾಗ ಬಕೆಟ್ ನೀರಲ್ಲಿ ಮುಳುಗಿರಲಿ. ನಡುಕ ನಿಂತರೆ ಲೆವೆಲರ್ ಅಡಿಗೆ 3 ಎಂಎಂ ಮೆತ್ತನೆ ಫೋಮ್ ಟೇಪ್ ಹಾಕಿ, ಗೇನ್ (ಸೂಕ್ಷ್ಮತೆ) ಸ್ಕ್ರೂ ಕಾಲು ಭಾಗ ಇಳಿಸಿ. ಲೆವೆಲರ್‌ನ ವೈರ್ ಬಿಗಿಯಾಗಿ ಎಳೆದಿದ್ದರೆ ಫೋಮ್ ಹಾಕಿಯೂ ಪ್ರಯೋಜನ ಇಲ್ಲ, ಅದುರೋದೆಲ್ಲ ವೈರ್ ಮೂಲಕವೇ ಬರತ್ತೆ. ಸಡಿಲ ಬಿಡಿ.

ಅದುರೋದರ ಮೂಲವನ್ನೂ ನೋಡಿ. ಮೋಟರ್‌ಗೂ ಶಾಫ್ಟ್‌ಗೂ ನೇರ ಸರಿಯಾಗಿ ಕೂತಿರಲ್ಲ, ಅಥವಾ ಪ್ರೊಪೆಲರ್‌ನ ಒಂದು ರೆಕ್ಕೆ ಬಗ್ಗಿರತ್ತೆ.

ಎರಡನೇದೇ ಮುಖ್ಯ. ಡಿಸೆಂಬರ್‌ನಲ್ಲಿ ಸರಿ ಇದ್ದದ್ದು ಮಾರ್ಚ್‌ನಲ್ಲಿ ಕೆಟ್ಟಿದೆ ಅಂದರೆ ಮೊದಲು ಕೇಳಬೇಕಾದ್ದು: ಬೇಸಿಗೆಗೆ ಹೊಂಡ ತುಂಬಿಸೋಕೆ ಬೋರ್‌ವೆಲ್ ನೀರು ಬಿಡ್ತೀರಾ? ಡ್ರಿಪ್‌ಗೆ ಪೊಟ್ಯಾಷ್ ಅಲ್ಲೇ ಕರಗಿಸ್ತೀರಾ?

ಕಾರಣ ಹೀಗೆ. 27 ಮೆಗಾಹರ್ಟ್ಸ್ ಅಲೆ ನೀರಲ್ಲಿ ಎಷ್ಟು ಸಾಯತ್ತೆ ಅನ್ನೋದು ನೀರಲ್ಲಿ ಕರಗಿರೋ ಲವಣದ ಮೇಲೆ ನಿಂತಿದೆ. ಆರ್‌ಒ ಫಿಲ್ಟರ್ ರಿಪೇರಿಯವರ ಹತ್ತಿರ ಇರೋ ಪೆನ್ನಿನಂಥ ಟಿಡಿಎಸ್ ಮೀಟರ್ ಸಾಕು. ಅದರಲ್ಲಿ ಬಂದ ಅಂಕಿಯನ್ನ 27ರಿಂದ ಭಾಗಿಸಿ. ಒಂದು ಮೀಟರ್ ಆಳಕ್ಕೆ ಎಷ್ಟು ಡಿಬಿ (ಡೆಸಿಬೆಲ್, ಸಿಗ್ನಲ್ ನಷ್ಟದ ಅಳತೆ) ಹೋಗತ್ತೆ ಅನ್ನೋದು ಹೆಚ್ಚುಕಮ್ಮಿ ಸಿಗತ್ತೆ. ಮಲೆನಾಡಿನ ಮಳೆನೀರು ತುಂಬಿದ ಹೊಂಡದಲ್ಲಿ ಟಿಡಿಎಸ್ 40 ಇದ್ದರೆ ಮೀಟರ್‌ಗೆ 1.5 ಡಿಬಿ. 2 ಮೀಟರ್ ಇಳಿದರೂ 3 ಡಿಬಿ, ರಿಸೀವರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಅದೇ ಬೋರ್ ನೀರು ಸೇರಿ 300 ಆದರೆ ಮೀಟರ್‌ಗೆ 11 ಡಿಬಿ. ಪ್ರತಿ 6 ಡಿಬಿಗೆ ಆಂಟೆನಾದಲ್ಲಿ ಸಿಗೋ ವೋಲ್ಟೇಜ್ ಅರ್ಧ ಆಗತ್ತೆ ಅಂತ ನೆನಪಿಟ್ಟುಕೊಳ್ಳಿ. ಇದರ ಜೊತೆ ಗಾಳಿಯಿಂದ ನೀರಿಗೆ ಇಳಿಯೋವಾಗ ಮೇಲ್ಮೈಯಲ್ಲೇ ದೊಡ್ಡ ಪಾಲು ಪ್ರತಿಫಲನ ಆಗಿ ವಾಪಸ್ ಹೋಗತ್ತೆ. ಇದೇ ಬೋಟನ್ನ ಕಾರವಾರಕ್ಕೆ ತಗೊಂಡು ಹೋಗಿ ಸಮುದ್ರಕ್ಕೆ ಬಿಟ್ಟರೆ 5 ಸೆಂ.ಮೀ.ಗೇ ಸುಮಾರು 9 ಡಿಬಿ ಹೋಗತ್ತೆ. ನಿಜವಾದ ಸಬ್‌ಮರೀನ್‌ಗಳಿಗೆ ನೌಕಾಪಡೆ ತಿರುನೆಲ್ವೇಲಿ ಹತ್ತಿರದ ಐಎನ್‌ಎಸ್ ಕಟ್ಟಬೊಮ್ಮನ್‌ನಿಂದ ಕಿಲೋಹರ್ಟ್ಸ್ ಮಟ್ಟದ ವಿಎಲ್‌ಎಫ್ (ತೀರಾ ಕಮ್ಮಿ ಫ್ರೀಕ್ವೆನ್ಸಿ) ಅಲೆ ಕಳಿಸೋದು ಈ ಕಾರಣಕ್ಕೇ.

2.4 ಗಿಗಾಹರ್ಟ್ಸ್‌ನ ಕಥೆ ಬೇರೆ. ಅಲ್ಲಿ ನೀರಿನ ಅಣುವೇ ಅಲೆಯನ್ನ ನುಂಗತ್ತೆ, ನೀರು ಎಷ್ಟು ಶುದ್ಧ ಅನ್ನೋದಕ್ಕೆ ಬೆಲೆ ಇಲ್ಲ. ಸೆಂಟಿಮೀಟರ್‌ಗೆ ಸುಮಾರು 2.5 ಡಿಬಿ. 20 ಸೆಂ.ಮೀ. ಮುಳುಗಿದರೆ 50 ಡಿಬಿ. ಪೆರಿಸ್ಕೋಪ್ ತುದಿಯಲ್ಲಿ ಆಂಟೆನಾ ಇಟ್ಟು, ಅದು ಯಾವತ್ತೂ ನೀರಿಂದ ಮೇಲೇ ಇರೋ ಹಾಗೆ ಓಡಿಸೋರಿಗೆ ಮಾತ್ರ ಅದು.

ನಿಂತುಕೊಳ್ಳೋ ರೀತಿ ಬಗ್ಗೆಯೂ ಒಂದು ಮಾತು. ಟ್ರಾನ್ಸ್‌ಮಿಟರ್ ಆಂಟೆನಾ ಪೂರ್ತಿ ಎಳೆದು ನೆಟ್ಟಗೆ ಮೇಲಕ್ಕೆ ಹಿಡೀರಿ, ಬೋಟಿನ ಕಡೆ ತೋರಿಸಬೇಡಿ. ಅಲೆ ನೀರಿಗೆ ಬಿದ್ದ ಮೇಲೆ ಹೆಚ್ಚುಕಮ್ಮಿ ನೇರ ಕೆಳಕ್ಕೇ ಬಾಗತ್ತೆ, ಹಾಗಾಗಿ ಎಷ್ಟು ದೂರದಲ್ಲಿದ್ದರೂ ನೀರೊಳಗಿನ ನಷ್ಟಕ್ಕೆ ಆಳ ಒಂದೇ ಲೆಕ್ಕ. ನೀರೊಳಗೆ ಅದರ ವಿದ್ಯುತ್ ಕ್ಷೇತ್ರ ಅಡ್ಡಕ್ಕೆ ಮಲಗಿ ನಿಮ್ಮ ಕಡೆಗೆ ಮುಖ ಮಾಡಿರತ್ತೆ. ಡೆಕ್ ಉದ್ದಕ್ಕೆ ಹಾಕಿದ ಆಂಟೆನಾಗೆ ಬೋಟ್ ನಿಮ್ಮ ಕಡೆ ಬರೋವಾಗ ಅಥವಾ ನೇರ ದೂರ ಹೋಗೋವಾಗ ಸಿಗ್ನಲ್ ಚೆನ್ನಾಗಿ ಸಿಗತ್ತೆ. ಬೋಟ್ ಅಡ್ಡ ತಿರುಗಿದಾಗ ಕಮ್ಮಿ. ನಿಮ್ಮದು ಅಡ್ಡ ತಿರುಗಿದಾಗಲೇ ಕೈತಪ್ಪತ್ತಾ ಅಂತ ಗಮನಿಸಿ. ಹಾಗಿದ್ದರೆ ಆಂಟೆನಾದ ಕೊನೆಯ 20 ಸೆಂ.ಮೀ.ಯನ್ನ ಡೆಕ್ ಅಡಿಯಲ್ಲೇ ಎಡದಿಂದ ಬಲಕ್ಕೆ ಅಡ್ಡ ಹಾಯಿಸಿ, ಎಲ್ ಆಕಾರ ಬರೋ ಹಾಗೆ. ಮೈ ಅಗಲ ಸಾಲದಿದ್ದರೆ ಮುಂದಿನ ಪ್ಲೇನ್‌ಗಳ ಅಡಿಗೆ ಅಂಟಿಸಬಹುದು. ಸುರುಳಿ ಸುತ್ತಬೇಡಿ, ಕತ್ತರಿಸಲೇಬೇಡಿ. ಆ ಉದ್ದಕ್ಕೆ ತಕ್ಕ ಹಾಗೆ ರಿಸೀವರ್‌ನ ಒಳಗಿನ ಕಾಯಿಲ್ ಟ್ಯೂನ್ ಆಗಿರತ್ತೆ.

ಮೂರನೇದು ಬೋಟಿನಲ್ಲಿ ಇಲ್ಲ, ಹೊರಗಿದೆ. ಮೋಟರ್ ಕಿಡಿ ಆಗಲಿ ಬಿಇಸಿ ಆಗಲಿ ಸೆಕೆಂಡಿಗೊಂದು ಅಂತ ತಾಳ ಹಾಕಲ್ಲ. ಪಶ್ಚಿಮದ ಏರಿ ಆಚೆ ಸೋಲಾರ್ ಬೇಲಿ ಇದೆಯಾ ನೋಡಿ.


ಬೆಸುಗೆಕಡ್ಡಿ (ಶಿವಮೊಗ್ಗ)

ಹಿನ್ನೀರು ಹೇಳಿದ್ದಕ್ಕೆ ಬಹುಪಾಲು ಒಪ್ಪಿಗೆ. ಆದರೆ ನೀರನ್ನ ದೂರೋಕೆ ಮುಂಚೆ ಆ ಹಿತ್ತಾಳೆ ಬೋಲ್ಟನ್ನ ನೋಡಬೇಕು. ನನಗೆ ಅದರ ಮೇಲೇ ಹೆಚ್ಚು ಅನುಮಾನ. ಬೋಲ್ಟ್‌ನ ಹೊರತಲೆ ನೀರಿಗೆ ತಾಗ್ತಿದ್ದರೆ ಆಂಟೆನಾವನ್ನ ನೀರಿಗೇ ಅರ್ಥ್ ಮಾಡಿದ ಹಾಗೆ. ಮಳೆನೀರಲ್ಲಿ ಕರೆಂಟು ಹೆಚ್ಚು ಹರಿಯಲ್ಲ, ತಪ್ಪು ಮುಚ್ಚಿಹೋಗತ್ತೆ. ಬೋರ್ ನೀರು ಬಂದ ಕೂಡಲೇ ಹೊರಬೀಳತ್ತೆ. ನಿಮ್ಮ ಡಿಸೆಂಬರ್-ಮಾರ್ಚ್ ವ್ಯತ್ಯಾಸಕ್ಕೆ ಇದೂ ಸೇರಿರಬಹುದು.

ಅಳೆಯೋ ಕ್ರಮ: ಒಳಗಡೆ ಆಂಟೆನಾ ವೈರನ್ನ ರಿಸೀವರ್‌ನಿಂದ ಬಿಡಿಸಿ. ಬೋಟನ್ನ ಹೊಂಡದ ನೀರೇ ತುಂಬಿದ ಟಬ್‌ನಲ್ಲಿ ಇಡಿ, ಆಂಟೆನಾ ಪೂರ್ತಿ ಮುಳುಗಲಿ. ಮಲ್ಟಿಮೀಟರ್ 20 ಮೆಗಾಓಮ್ ರೇಂಜಿಗೆ ಇಟ್ಟು ಒಂದು ಕಡ್ಡಿ ಬೋಲ್ಟ್‌ನ ಒಳತುದಿಗೆ, ಇನ್ನೊಂದು ಟಬ್ ನೀರಿಗೆ. ಓಪನ್ ತೋರಿಸಬೇಕು. ಕಿಲೋಓಮ್‌ನಲ್ಲಿ ಅಂಕಿ ಬಂತು ಅಂದರೆ ಎಲ್ಲೋ ತಾಮ್ರ ನೀರಿಗೆ ತಾಗಿದೆ. ಎಲ್ಲಿ ಅಂತ ಹುಡುಕೋಕೆ ತುದಿಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ನೀರಿಂದ ಮೇಲೆತ್ತುತ್ತಾ ಬನ್ನಿ, ಅಂಕಿ ಹಾರಿಹೋದ ಜಾಗವೇ ತೂತು. ಹೆಚ್ಚಾಗಿ ಕತ್ತರಿಸಿದ ತುದಿ ಅಥವಾ ಬೋಲ್ಟ್ ತಲೆ.

ಮುಚ್ಚೋದು ಹೀಗೆ: ತುದಿಗೆ ಒಳಗೆ ಅಂಟು ಇರೋ ಹೀಟ್‌ಶ್ರಿಂಕ್ 15 ಎಂಎಂ, ಬಿಸಿ ಇರೋವಾಗಲೇ ಇಕ್ಕುಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಬೋಲ್ಟ್ ತಲೆಯನ್ನ ಎಮರಿಯಿಂದ ಉಜ್ಜಿ, ವೈರ್ ಬೆಸುಗೆ ಹಾಕಿ, ಐಸೋಪ್ರೊಪೈಲ್‌ನಲ್ಲಿ ಒರೆಸಿ, ಮೇಲೆ ಎರಡು ಭಾಗದ ಎಪಾಕ್ಸಿ 3 ಎಂಎಂ ದಪ್ಪ. ವಿನೆಗರ್ ವಾಸನೆ ಬರೋ ಸಿಲಿಕೋನ್ ಸೀಲಂಟ್ ಇಲ್ಲಿ ಬೇಡ, ಅದರ ಆಮ್ಲ ತಾಮ್ರವನ್ನ ಹಸಿರು ಮಾಡಿ ತಿಂದುಹಾಕತ್ತೆ. ರಿಸೀವರ್‌ನಿಂದ ಹೊರತುದಿವರೆಗೆ ಒಟ್ಟು ಉದ್ದ ಕಂಪನಿ ಕೊಟ್ಟಷ್ಟೇ ಇರಬೇಕು. ಬೋಲ್ಟ್‌ವರೆಗೆ ಒಳಗೆ ಹೋದದ್ದನ್ನ ಹೊರಗೆ ಕಳೀಬೇಕು.

ಸಿಲಿಂಡರ್ ಬಿಚ್ಚಿದಾಗಲೇ ಮಾಡಿ ಮುಗಿಸೋ ಕೆಲಸ ಇನ್ನೂ ಇವೆ. ಮೋಟರ್‌ಗೆ 104 ಅಂತ ಬರೆದಿರೋ ಸೆರಾಮಿಕ್ ಕೆಪಾಸಿಟರ್ ಮೂರು ಬೇಕು, 0.1 ಮೈಕ್ರೋಫ್ಯಾರಡ್, 50 ವೋಲ್ಟ್: ಒಂದು ಎರಡು ಟರ್ಮಿನಲ್ ಮಧ್ಯೆ, ಇನ್ನೆರಡು ಒಂದೊಂದು ಟರ್ಮಿನಲ್‌ನಿಂದ ಮೋಟರ್ ಡಬ್ಬಿಗೆ. ಕಾಲುಗಳು 5 ಎಂಎಂಗಿಂತ ಉದ್ದ ಇದ್ದರೆ ಕೆಪಾಸಿಟರ್ ಹಾಕಿದ ಫಲ ಅರ್ಧ ಹೋಯ್ತು. ಡಬ್ಬಿಯನ್ನ ಅರದಲ್ಲಿ ಕೆರೆದು ಹೊಳಪು ಬರಿಸಿ, 60 ವ್ಯಾಟ್ ಕಡ್ಡಿಯಲ್ಲಿ ಬೇಗ ಬೆಸುಗೆ ಮುಗಿಸಿ. 25 ವ್ಯಾಟ್ ಕಡ್ಡಿ ಹಿಡಿದು ಕೂತರೆ ಶಾಖ ಒಳಗಿನ ಆಯಸ್ಕಾಂತಕ್ಕೆ ಹೋಗತ್ತೆ. ಬ್ಯಾಲಸ್ಟ್ ಪಂಪಿನ ಮೋಟರ್‌ಗೂ ಇದೇ. ಇದನ್ನ ಬಹಳ ಜನ ಮರೀತಾರೆ, ಪಂಪ್ ಸಣ್ಣದು ಅಂತ. ಪಂಪಿಗೆ ರಿಲೇ ಇದ್ದರೆ ರಿಲೇ ಕಾಯಿಲ್‌ಗೆ 1ಎನ್4007 ಡಯೋಡ್ ಉಲ್ಟಾ ಹಾಕಿ, ಬೆಳ್ಳಿ ಪಟ್ಟಿ ಪ್ಲಸ್ ಕಡೆಗೆ.

ಮೋಟರ್ ವೈರ್‌ಗಳನ್ನ ಹುರಿ ಹಾಕಿ ರಿಸೀವರ್‌ನಿಂದ ದೂರದ ಗೋಡೆ ಹಿಡಿದು ಒಯ್ಯಿರಿ. ಲೋಹದ ಕಪ್ಲಿಂಗ್ ಶಾಫ್ಟ್‌ಗೆ ಉಜ್ಜೋ ಜಾಗ, ಲೋಹದ ಕ್ಲೆವಿಸ್ (ಸರ್ವೋ ಕಡ್ಡಿಯ ತುದಿಯ ಕೊಕ್ಕೆ) ಲೋಹದ ಹಾರ್ನ್‌ನಲ್ಲಿ (ಆ ಕೊಕ್ಕೆ ಸಿಕ್ಕೋ ತೋಳು) ಆಡೋ ಜಾಗ, ಇವೆಲ್ಲ 27ರಲ್ಲಿ ಗದ್ದಲ ಮಾಡತ್ತೆ. ಕ್ಲೆವಿಸ್ ನೈಲಾನ್‌ದು ಹಾಕಿ, ಕಪ್ಲಿಂಗ್‌ಗೆ ಸಿಲಿಕೋನ್ ಟ್ಯೂಬ್.

ಕೊನೆಗೆ ಬಿಇಸಿ. 3 ಸೆಲ್‌ನ 11.1 ವೋಲ್ಟ್‌ನಿಂದ 5 ವೋಲ್ಟ್‌ಗೆ ಇಳಿಸೋ ಲೀನಿಯರ್ ಬಿಇಸಿ ಆದರೆ, 0.8 ಆಂಪಿಯರ್ ಎಳೆದಾಗ ಹತ್ತಿರ ಹತ್ತಿರ 5 ವ್ಯಾಟ್ ಶಾಖ ಮುಚ್ಚಿದ ಸಿಲಿಂಡರ್ ಒಳಗೇ ಉಳಿಯತ್ತೆ. ಬಿಸಿ ಜಾಸ್ತಿಯಾದಾಗ ಅದು ತಾನೇ ಆಫ್ ಆಗತ್ತೆ, ಎಲ್ಲಾ ಸರ್ವೋ ಸತ್ತು ಸ್ವಲ್ಪ ಹೊತ್ತಿಗೆ ಜೀವ ಬರತ್ತೆ. ಇದನ್ನ ಸಿಗ್ನಲ್ ಹೋಯ್ತು ಅಂತ ತಪ್ಪು ತಿಳೀತಾರೆ. ಸ್ವಿಚಿಂಗ್ ಬಿಇಸಿ ಹಾಕಿ ಅಂತ ಅಂಗಡಿಯವರು ಹೇಳಬಹುದು. ಬಿಸಿ ಕಮ್ಮಿ ನಿಜ, ಆದರೆ ಅದರ ಗದ್ದಲ ನೇರ 27ರ ಮೇಲೇ ಬೀಳೋ ಸಾಧ್ಯತೆ ಇದೆ. ನನ್ನ ಮಟ್ಟಿಗೆ 4 ಸೆಲ್ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್, 4.8 ವೋಲ್ಟ್, ರಿಸೀವರ್‌ಗೆ ಬೇರೆಯೇ ಇಡೋದು ಸರಿ. ಹಾಗೆ ಮಾಡೋವಾಗ ಸ್ಪೀಡ್ ಕಂಟ್ರೋಲರ್‌ನ ಸಿಗ್ನಲ್ ಪ್ಲಗ್‌ನಲ್ಲಿ ನಡುವಿನ ಕೆಂಪು ವೈರನ್ನ ಹೊರಗೆಳೆದು ಟೇಪ್ ಸುತ್ತಿ. ಬಿಟ್ಟರೆ ಎರಡು ಸಪ್ಲೈ ಒಂದಕ್ಕೊಂದು ಗುದ್ದಾಡತ್ತೆ.


ಕುಂದಾದ್ರಿ ಕೆಳಗೆ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಹೊಸದಾಗಿ ಕಟ್ಟೋರಿಗೆ 27ರ ಸೆಟ್ ಸಿಗೋದೇ ಕಷ್ಟ. ಡ್ರೋನ್‌ನವರು ಬಳಸೋ 866 ಮೆಗಾಹರ್ಟ್ಸ್‌ನ ಇಎಲ್‌ಆರ್‌ಎಸ್ (ದೂರಕ್ಕೆ ಹೋಗೋ ರೇಡಿಯೋ ಕಂಟ್ರೋಲ್ ಪದ್ಧತಿ) ಆಗತ್ತಾ? 433?


ಹಿನ್ನೀರು (ಸಾಗರ)

ಒಳ್ಳೇ ಪ್ರಶ್ನೆ. ನೀರಿನ ಅಣು ನುಂಗೋ ನಷ್ಟ ಫ್ರೀಕ್ವೆನ್ಸಿಯ ವರ್ಗಕ್ಕೆ ತಕ್ಕ ಹಾಗೆ ಏರತ್ತೆ. 433ರಲ್ಲಿ ಮೀಟರ್‌ಗೆ 7ರಿಂದ 8 ಡಿಬಿ, 866ರಲ್ಲಿ 30 ಡಿಬಿ ಹತ್ತಿರ. ಲವಣದ ನಷ್ಟ, ಅಂದರೆ ಟಿಡಿಎಸ್ ಭಾಗಿಸು 27, ಇದರ ಮೇಲೆ ಸೇರತ್ತೆ. ಇಎಲ್‌ಆರ್‌ಎಸ್‌ನ ಲೋರಾ (ದೂರಕ್ಕೆ ಅಂತಲೇ ಮಾಡಿದ ಸಿಗ್ನಲ್ ಪದ್ಧತಿ) ರಿಸೀವರ್‌ಗಳು ತುಂಬ ಸೂಕ್ಷ್ಮ, ಹಳೇ ಎಫ್‌ಎಂ ರಿಸೀವರ್‌ಗೆ ಕೇಳದಷ್ಟು ಸಣ್ಣ ಸಿಗ್ನಲ್ ಕೂಡ ಅವಕ್ಕೆ ಸಾಕು. ಹಾಗಾಗಿ 866ರಲ್ಲಿ ಅರ್ಧ ಮೀಟರ್ ಆಳ, ಸಿಹಿನೀರು, 20-30 ಮೀಟರ್ ದೂರ ಅಂದರೆ ಲೆಕ್ಕ ಕೂಡತ್ತೆ. ಪ್ಯಾಕೆಟ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಆಜ್ಞೆ ಕಳಿಸೋದು) ಇರೋದರಲ್ಲೇ ಕಮ್ಮಿ ಇಡಿ, ಸಬ್‌ಮರೀನ್‌ಗೆ ವೇಗ ಬೇಕಿಲ್ಲ. ಫರ್ಮ್‌ವೇರ್ ಹಾಕೋವಾಗ ಭಾರತದ 866 ಡೊಮೇನ್ ಆರಿಸಬೇಕು. ಗಾಳಿಗೆ ಅಂತ ಕತ್ತರಿಸಿದ ಆಂಟೆನಾ ನೀರಿಗೆ ನೇರ ತಾಗಿದರೆ ಟ್ಯೂನ್ ತಪ್ಪತ್ತೆ, ಅದು ಸಿಲಿಂಡರ್ ಒಳಗೇ, ಸುತ್ತ ಗಾಳಿ ಇರೋ ಹಾಗೆ ಮೇಲ್ಭಾಗದಲ್ಲಿರಲಿ.

433ರಲ್ಲಿ ಲೈಸೆನ್ಸ್ ಇಲ್ಲದೆ ಬಿಡೋ ಪವರ್ ನಮ್ಮಲ್ಲಿ 10 ಮಿಲಿವ್ಯಾಟ್ ಮಾತ್ರ, 27ರಲ್ಲಿ 26.957ರಿಂದ 27.283ರವರೆಗೆ 5 ವ್ಯಾಟ್‌ವರೆಗೆ. 1 ಮೀಟರ್‌ಗಿಂತ ಆಳಕ್ಕೆ ನಿಶ್ಚಿಂತೆಯಿಂದ ಇಳಿಸಬೇಕು ಅಂದರೆ ಹಳೇ 27ರ ಸೆಟ್ಟನ್ನೇ ಹುಡುಕಿ.


ತುಂಗೆದಡ (ತೀರ್ಥಹಳ್ಳಿ ಕಡೆ)

ಹೇಳಿದ ಪರೀಕ್ಷೆ ಎಲ್ಲಾ ಮಾಡಿದೆ. ಫಲ ಹೀಗಿದೆ.

ಲೆವೆಲರ್ ತೆಗೆದ ಕೂಡಲೇ ಪ್ಲೇನ್ ನಡುಕ ಪೂರ್ತಿ ನಿಂತಿತು. ಫೋಮ್ ಟೇಪ್ ಹಾಕಿ, ವೈರ್ ಸಡಿಲ ಬಿಟ್ಟು, ಗೇನ್ ಇಳಿಸಿ ಮತ್ತೆ ಕೂರಿಸಿದ ಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ಸಣ್ಣಗೆ ಅಲುಗತ್ತೆ, ಅಷ್ಟೇ.

ಹೊಂಡದ ಟಿಡಿಎಸ್ 310. ಫೆಬ್ರವರಿಯಿಂದ ಬೋರ್ ನೀರು ಬಿಡ್ತಿರೋದು ಹೌದು. ಪೊಟ್ಯಾಷ್ ಬೇರೆ ಡ್ರಮ್‌ನಲ್ಲಿ ಕರಗಿಸೋದು, ಹೊಂಡಕ್ಕೆ ಹೋಗಲ್ಲ. ಬೋಲ್ಟ್‌ನಿಂದ ನೀರಿಗೆ 40 ಕಿಲೋಓಮ್ ತೋರಿಸ್ತು. ತೂತು ಬೋಲ್ಟ್ ತಲೆಯಲ್ಲೇ, ಅಂಟಿನ ಅಡಿಗೆ ನೀರು ಹೋಗಿ ಹಸಿರು ಪುಡಿ ಕಟ್ಟಿತ್ತು. ಎಪಾಕ್ಸಿ ಹಾಕಿದ ಮೇಲೆ ಓಪನ್. ಅದೇ 12 ಮೀಟರ್ ದೂರದಲ್ಲಿ ಈಗ 1.6 ಮೀಟರ್‌ವರೆಗೆ ಮಾತು ಕೇಳತ್ತೆ. ಅಡ್ಡ ತಿರುಗಿದಾಗ ಕಮ್ಮಿ ಅನ್ನೋದೂ ನಿಜ, ಎಲ್ ಆಕಾರ ಇನ್ನೂ ಮಾಡಿಲ್ಲ.

ಟಕ್ ಟಕ್ ಹಾಗೇ ಇದೆ. ಪಶ್ಚಿಮಕ್ಕೆ ಪಕ್ಕದ ತೋಟದವರ ಸೋಲಾರ್ ಬೇಲಿ ಇದೆ, ಏರಿಯಿಂದ 6 ಮೀಟರ್. ಆಳಕ್ಕೆ ಹೋದಾಗ ಪಂಪ್ ತಾನಾಗೇ ಓಡೋದೂ ಪೂರ್ತಿ ಹೋಗಿಲ್ಲ, 1.6 ದಾಟಿದರೆ ಮತ್ತೆ ಅದೇ.


ಹಕ್ಕಲು (ಹೊಸನಗರ)

ಬೇಲಿಯದ್ದು ನಾನು ಹೇಳ್ತೀನಿ. ಸೋಲಾರ್ ಬೇಲಿಯ ಎನರ್ಜೈಸರ್ (ಬೇಲಿಗೆ ಶಾಕ್ ಕೊಡೋ ಪೆಟ್ಟಿಗೆ) ಸುಮಾರು ಸೆಕೆಂಡಿಗೊಮ್ಮೆ ಸಾವಿರಗಟ್ಟಲೆ ವೋಲ್ಟ್‌ನ ಸಣ್ಣ ಪಲ್ಸ್ ಬಿಡತ್ತೆ. ಬೇಲಿ ಸರಿಯಾಗಿದ್ದರೆ ಆ ಪಲ್ಸ್‌ನಿಂದ ರೇಡಿಯೋಗೆ ಹೆಚ್ಚು ತೊಂದರೆ ಇಲ್ಲ. ಕಿಡಿ ಹಾರೋ ಜಾಗ ಇದ್ದಾಗ ಮಾತ್ರ ಗದ್ದಲ: ಬಿರುಕು ಬಿಟ್ಟ ಇನ್ಸುಲೇಟರ್, ತಂತಿಗೆ ತಾಗೋ ಹಸಿ ಹುಲ್ಲು, ಹಬ್ಬಿದ ಬಳ್ಳಿ, ಬರೀ ತಿರುಚಿ ಬಿಟ್ಟ ತಂತಿಯ ಗಂಟು. ಉದ್ದದ ತಂತಿಯೇ ಆಂಟೆನಾ ಆಗಿ ಆ ಕಿಡಿಯ ಗದ್ದಲವನ್ನ ಹರಡತ್ತೆ.

ಎಲ್ಲಿ ಅಂತ ಕಂಡುಹಿಡಿಯೋಕೆ ಎಎಂ ಬರೋ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಸಾಕು. ಭದ್ರಾವತಿಯೂ ಬರದ, ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗಕ್ಕೆ ಮುಳ್ಳು ತಿರುಗಿಸಿ, ಬೇಲಿ ಉದ್ದಕ್ಕೂ ಎರಡು ಮೀಟರ್ ದೂರ ಬಿಟ್ಟು ನಡೀರಿ. ಟಕ್ ಸದ್ದು ಜೋರಾಗೋ ಕಂಬವನ್ನ ಗುರುತು ಹಾಕಿ. ಕತ್ತಲಾದ ಮೇಲೆ ನಡೆದರೆ ಕಿಡಿ ಕಣ್ಣಿಗೇ ಕಾಣತ್ತೆ, ನೀಲಿ ಚುಕ್ಕಿ, ಒಂದೊಂದು ಟಕ್‌ಗೂ. ಆಮೇಲೆ ತೋಟದ ಮಾಲೀಕರನ್ನ ಕೇಳಿ ಒಂದು ನಿಮಿಷ ಎನರ್ಜೈಸರ್ ಆಫ್ ಮಾಡಿಸಿ. ಸರ್ವೋ ಜಿಗಿತ ನಿಂತರೆ ಬೇರೆ ಪುರಾವೆ ಬೇಡ. ಆಫ್ ಮಾಡದೆ ತಂತಿ, ಇನ್ಸುಲೇಟರ್ ಮುಟ್ಟಬೇಡಿ.

ರಿಪೇರಿ ಅಂದರೆ ಇನ್ಸುಲೇಟರ್ ಬದಲಿಸೋದು, ಗಂಟಿನ ಬದಲು ಕ್ಲಾಂಪ್ ಹಾಕೋದು, ಕಂಬದಡಿ ಹುಲ್ಲು ಸವರೋದು. ಅವರ ಬೇಲಿಗೂ ಇದು ಲಾಭ, ಕಿಡಿ ಹಾರಿದಷ್ಟು ಶಾಕ್ ಕಮ್ಮಿಯಾಗಿ ಕಾಡುಹಂದಿ ಒಳಗೆ ನುಗ್ಗತ್ತೆ. ಹಾಗೆ ಹೇಳಿದರೆ ಯಾರೂ ಬೇಡ ಅನ್ನಲ್ಲ.

ಇನ್ನೊಂದು ವಿಷಯ. ನಿಮ್ಮದು ಹಳದಿ ಕ್ರಿಸ್ಟಲ್, 27.145. ಅಗ್ಗದ ಆಟಿಕೆ ಕಾರುಗಳು ಹೆಚ್ಚಾಗಿ ಬರೋದು ಇದೇ ಫ್ರೀಕ್ವೆನ್ಸಿಯಲ್ಲಿ. ಜಾತ್ರೆ ಆದಮೇಲೆ ಪಕ್ಕದ ಮನೆ ಮಕ್ಕಳ ಕೈಯಲ್ಲಿ ಒಂದು ಇದ್ದೇ ಇರತ್ತೆ. ಕಂದು (26.995) ಅಥವಾ ನೀಲಿ (27.255) ಜೋಡಿ ಸಿಕ್ಕರೆ ಬದಲಿಸಿ. ಟ್ರಾನ್ಸ್‌ಮಿಟರ್ ಕ್ರಿಸ್ಟಲ್ ಬೇರೆ, ರಿಸೀವರ್ ಕ್ರಿಸ್ಟಲ್ ಬೇರೆ. ಸಿಂಗಲ್ ಕನ್ವರ್ಷನ್ (ಫ್ರೀಕ್ವೆನ್ಸಿಯನ್ನ ಒಂದೇ ಸಲ ಇಳಿಸೋ) ಸೆಟ್‌ನಲ್ಲಿ ರಿಸೀವರ್‌ದು 455 ಕಿಲೋಹರ್ಟ್ಸ್ ಕೆಳಗಿರತ್ತೆ, ಅದಲು ಬದಲು ಹಾಕಿದರೆ ಏನೂ ಕೇಳಲ್ಲ.


ಬೆಸುಗೆಕಡ್ಡಿ (ಶಿವಮೊಗ್ಗ)

40 ಕಿಲೋಓಮ್ ಸಿಕ್ಕಿದ್ದು ಒಳ್ಳೇದಾಯ್ತು. ಈಗ ಉಳಿದಿದ್ದು ಪಂಪ್. 1.6ರ ಆಚೆ ಸಿಗ್ನಲ್ ಹೋಗೋದು ಸಹಜ, ಈ ನೀರಲ್ಲಿ ಅದಕ್ಕಿಂತ ಹೆಚ್ಚು ಕೇಳೋದು ಬೇಡ. ಆದರೆ ಸಿಗ್ನಲ್ ಹೋದಾಗ ಬೋಟ್ ಏನು ಮಾಡಬೇಕು ಅನ್ನೋದು ನಮ್ಮ ಕೈಲಿರಬೇಕು. ಇಂಥ ಹಳೇ ಪಿಪಿಎಂ ರಿಸೀವರ್‌ಗೆ ಫೇಲ್‌ಸೇಫ್ (ಸಿಗ್ನಲ್ ಹೋದಾಗ ತಾನೇ ಸುರಕ್ಷಿತ ಸ್ಥಿತಿಗೆ ಬರೋ ವ್ಯವಸ್ಥೆ) ಇಲ್ಲ. ಸಿಗ್ನಲ್ ಮುಗಿದ ಮೇಲೂ ಗದ್ದಲವನ್ನೇ ಪಲ್ಸ್ ಮಾಡಿ ಹೊರಗೆ ಕೊಡ್ತಾ ಇರತ್ತೆ, ಪಂಪ್ ಸ್ವಿಚ್ ಒಂದು ತಪ್ಪು ಪಲ್ಸ್‌ಗೇ ಆನ್ ಆಗತ್ತೆ.

ಅರ್ಡುಯಿನೋ ನ್ಯಾನೋ (ಪ್ರೋಗ್ರಾಂ ಹಾಕಬಹುದಾದ ಸಣ್ಣ ಬೋರ್ಡ್) ಒಂದನ್ನ ರಿಸೀವರ್‌ಗೂ ಪಂಪ್ ಸ್ವಿಚ್‌ಗೂ ಸ್ಪೀಡ್ ಕಂಟ್ರೋಲರ್‌ಗೂ ಮಧ್ಯೆ ಹಾಕಿ. ಫ್ರೇಮ್ (ಎಲ್ಲಾ ಚಾನೆಲ್‌ಗಳ ಪಲ್ಸ್‌ನ ಒಂದು ಸುತ್ತು) ಸುಮಾರು 20 ಮಿಲಿಸೆಕೆಂಡಿಗೊಂದು ಬರತ್ತೆ. ನಿಯಮ ಮೂರೇ ಬರೀಬೇಕು. ಪಲ್ಸ್ 0.9ರಿಂದ 2.1 ಮಿಲಿಸೆಕೆಂಡ್ ಒಳಗೆ ಇಲ್ಲದಿದ್ದರೆ ಆ ಫ್ರೇಮ್ ಕೆಟ್ಟದ್ದು. ಸಾಲಾಗಿ 25 ಒಳ್ಳೇ ಫ್ರೇಮ್ 1.7 ಮಿಲಿಸೆಕೆಂಡ್‌ಗಿಂತ ಮೇಲಿದ್ದರೆ ಮಾತ್ರ ಪಂಪ್ ಒಳಗೆ ತುಂಬಲಿ. ಅರ್ಧ ಸೆಕೆಂಡ್ ತಡ ಆಗತ್ತೆ, ಬ್ಯಾಲಸ್ಟ್‌ಗೆ ಅದರಿಂದ ನಷ್ಟ ಇಲ್ಲ. ಸಾಲಾಗಿ 10 ಒಳ್ಳೇ ಫ್ರೇಮ್ ಸಿಗದೆ 2 ಸೆಕೆಂಡ್ ಕಳೆದರೆ ಮೋಟರ್ ನಿಲ್ಲಲಿ, ಪಂಪ್ ಟ್ಯಾಂಕ್ ಖಾಲಿ ಮಾಡಲಿ. ಇದನ್ನ ತೀರಾ ಕಮ್ಮಿ ಇಟ್ಟರೆ ಬೇಲಿಯ ಒಂದೊಂದು ಟಕ್‌ಗೂ ಬೋಟ್ ಮೇಲೆ ಬರೋಕೆ ಶುರು ಮಾಡತ್ತೆ. ಪ್ರೋಗ್ರಾಂನಲ್ಲಿ ಪಲ್ಸ್ ಓದೋಕೆ ಇಂಟರಪ್ಟ್ (ಪಲ್ಸ್ ಬಂದಾಗ ಮಾತ್ರ ಎಚ್ಚರಿಸೋ ಕ್ರಮ) ಬಳಸಿ. ಪಲ್ಸ್‌ಇನ್ (ಪಲ್ಸ್‌ಗಾಗಿ ಕಾಯೋ ಆಜ್ಞೆ) ಹಾಕಿದರೆ ಸಿಗ್ನಲ್ ಹೋದಾಗ ಅದು ಒಂದು ಸೆಕೆಂಡ್ ಅಲ್ಲೇ ಕಾದು ನಿಂತು ಲೆಕ್ಕ ಎಲ್ಲಾ ತಪ್ಪತ್ತೆ.

ತೂಕವನ್ನೂ ಸರಿಮಾಡಿ. ಟ್ಯಾಂಕ್ ಪೂರ್ತಿ ತುಂಬಿದಾಗಲೂ 30ರಿಂದ 40 ಗ್ರಾಂ ತೇಲೋ ಶಕ್ತಿ ಉಳಿದಿರಬೇಕು, ನಿಂತ ಬೋಟಿನ ಟವರ್ ತುದಿ ನೀರಿಂದ ಮೇಲೆ ಕಾಣಬೇಕು. ಉಳಿದ ಆಳಕ್ಕೆ ಪ್ಲೇನ್ ಕೆಳಗೆ ಮಾಡಿ ಓಡಿಸಿಯೇ ಇಳಿಸಿ. ಹಾಗಿದ್ದರೆ ಪಂಪ್ ಕೆಟ್ಟರೂ, ಬ್ಯಾಟರಿ ಸತ್ತರೂ, ಮೋಟರ್ ನಿಂತ ಕೂಡಲೇ ಮೇಲೆ ಬರತ್ತೆ. ಬೋರ್ ನೀರಿಗೂ ಮಳೆನೀರಿಗೂ ಸಾಂದ್ರತೆ ವ್ಯತ್ಯಾಸ ಈ ಟಿಡಿಎಸ್‌ನಲ್ಲಿ ಲೆಕ್ಕಕ್ಕಿಲ್ಲ, ಆದರೆ ಬಿಸಿಲಿಗೆ ಕಾದ ಮೇಲ್ಪದರದ ನೀರು ಸ್ವಲ್ಪ ಹಗುರ. ಹಾಗಾಗಿ ಟ್ರಿಮ್ ಮಧ್ಯಾಹ್ನ ನೋಡಿ.

ಜೂನ್ ಆದಮೇಲೆ ಸಿಲಿಂಡರ್ ಮುಚ್ಚೋವಾಗ ಒಳಗೆ 15 ಗ್ರಾಂ ಸಿಲಿಕಾ ಜೆಲ್ ಚೀಲ ಇರಲಿ. ನಮ್ಮ ಕಡೆ ಮಳೆಗಾಲದ ಗಾಳಿ ತುಂಬಿಕೊಂಡು ಮುಚ್ಚಿದರೆ ತಣ್ಣೀರಲ್ಲಿ ಅಕ್ರಿಲಿಕ್ ಒಳಗೋಡೆಗೆ ಹನಿ ಕಟ್ಟಿ, ಕ್ರಿಸ್ಟಲ್ ಸಾಕೆಟ್ ಮೇಲೆ ಬೀಳತ್ತೆ. ಫ್ರೀಕ್ವೆನ್ಸಿ ಸ್ವಲ್ಪ ಸರಿದರೂ ದೂರ ಅರ್ಧಕ್ಕೆ ಬರತ್ತೆ.

ಎಲ್ಲಾ ಕೂರಿಸಿದ ಮೇಲೆ ಫೇಲ್‌ಸೇಫ್ ಪರೀಕ್ಷೆ: ಬೋಟಿನ ಮೂತಿಗೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿ ಕೈಯಲ್ಲಿರಲಿ. ಓಡಿಸುತ್ತಾ ಅರ್ಧ ಮೀಟರ್ ಆಳಕ್ಕೆ ಇಳಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ. ಎರಡು ಸೆಕೆಂಡಿಗೆ ಮೋಟರ್ ನಿಲ್ಲಬೇಕು, ಆಮೇಲೆ ಪಂಪಿನ ಸದ್ದು ಕೇಳಬೇಕು. ಅದು ಸರಿಯಾದರೆ ಅದೇ ಹಗ್ಗದಲ್ಲಿ 1 ಮೀಟರ್, 1.5, 2 ಅಂತ ಇಳಿಸಿ ಎಲ್ಲಿ ಸಿಗ್ನಲ್ ಬಿಡತ್ತೆ ಅನ್ನೋದನ್ನೂ ಗುರುತು ಹಾಕಿ. ಹಗ್ಗ ನೈಲಾನ್‌ದೇ ಆಗಿರಲಿ. ಬೈಂಡಿಂಗ್ ತಂತಿ ಕಟ್ಟಿದರೆ ಅದೇ ಅಲೆಯನ್ನ ಕೆಳಗಿನ ಬೋಟಿಗೆ ಒಯ್ದು, 2 ಮೀಟರ್‌ನಲ್ಲೂ ಎಲ್ಲಾ ಸರಿ ಇದೆ ಅಂತ ತೋರಿಸಿಬಿಡತ್ತೆ.